ಹೊಳೆ ಹೊರಳಿದರೆ ಕೆರೆಗೆ ಗತಿಯೇನು?

ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಹಿಡಿಯುವವರಿಗೆ ಮಳೆಗಾಲ ಬಂತೆಂದರೆ ಒಂದೇ ಚಿಂತೆ. ಸೀಟು ಸಿಕ್ಕೀತೋ ಇಲ್ಲವೋ ಎಂಬುದಲ್ಲ, ಸೇತುವೆ ತೆರೆದೈತೋ ಮುಳುಗೈತೋ ಎಂಬುದು. ಮೇಲೆ ಶಿವಮೊಗ್ಗದ ಸೀಮೆಯಲ್ಲಿ ಮಳೆ ಹೊಡೆದು, ಇತ್ತ ತುಂಗಭದ್ರಾ ಡ್ಯಾಮಿನ ಗೇಟು ಎತ್ತಿದರೆಂದರೆ ಕಂಪ್ಲಿ ಸೇತುವೆಯ ಮೇಲೆ ನೀರು ನಿಂತಿತೆಂದೇ ತಿಳಿಯಬೇಕು. 2019ರಲ್ಲಿ ನಿಂತಿತು. 2022ರಲ್ಲೂ ನಿಂತಿತು. ಆಗ ಬಸ್ಸು, ಲಾರಿ, ಕಾಯಿಪಲ್ಲೆ ಟೆಂಪೊ ಎಲ್ಲವೂ ಕಡೇಬಾಗಿಲು–ಬುಕ್ಕಸಾಗರ ಸೇತುವೆಯನ್ನು ಸುತ್ತಿ ಹೋಗಬೇಕು. ಸುತ್ತಿದ ದಾರಿಯ ಡೀಸೆಲ್ ಖರ್ಚು ಕಡೆಗೆ ಸಂತೆಯ ಟೊಮ್ಯಾಟೊ ಮೇಲೆ ಬಂದು ಕೂರುತ್ತದೆ.

ನೀರು ಇಳಿದ ಮೇಲೆ ನೋಡಿದರೆ ಹೊಳೆ ಮಾತ್ರ ಅದೇ ಜಾಗದಲ್ಲಿ, ಅದೇ ಬಂಡೆಗಳ ನಡುವೆ ಹರಿಯುತ್ತಿರುತ್ತದೆ. ಇದು ನಮ್ಮ ಭಾಗದ ಪುಣ್ಯ. ಎಲ್ಲ ಕಡೆಯೂ ಹೀಗಿಲ್ಲ. ನದಿ ಎಂಬುದು ನಿಂತಲ್ಲಿ ನಿಲ್ಲುವ ಜಾತಿಯದಲ್ಲ. ಅದು ಮಗ್ಗಲು ಬದಲಿಸಿದಾಗೆಲ್ಲ ಎಲ್ಲೋ ಒಂದು ಕೆರೆ ಹುಟ್ಟುತ್ತದೆ, ಎಲ್ಲೋ ಒಂದು ಕೆರೆ ಸಾಯುತ್ತದೆ.

ಬಿಹಾರದ ಕಥೆ

ಬಿಹಾರದ ಕೋಸಿ ನದಿಯ ಹೆಸರನ್ನು ಕೇಳದವರು ಕಡಿಮೆ. ಹಿಮಾಲಯದಿಂದ ಹೊತ್ತು ತಂದ ಹೂಳನ್ನು ಬಯಲಿನಲ್ಲಿ ಸುರಿದು, ತನ್ನ ಪಾತ್ರವನ್ನು ತಾನೇ ಎತ್ತರ ಮಾಡಿಕೊಂಡು, ಕಡೆಗೆ ತಗ್ಗಿದ್ದ ಕಡೆ ಹೊರಳಿಬಿಡುವುದು ಅದರ ಹಳೆಯ ಚಾಳಿ. ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಅದು ನೂರು ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕೆ ಸರಿದಿತ್ತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಒಡ್ಡು ಒಡೆದು, ಒಂದೇ ಏಟಿಗೆ ಪೂರ್ವದ ಹಳೆಯ ಹಾದಿಗೆ ನುಗ್ಗಿತು. ನದಿ ಇಲ್ಲವೆಂದು ಮನೆ ಕಟ್ಟಿಕೊಂಡಿದ್ದ ಲಕ್ಷಾಂತರ ಜನರ ಅಂಗಳಕ್ಕೆ ನದಿ ವಾಪಸು ಬಂದಿತ್ತು.

ಇಂಥ ಬಯಲು ನದಿಗಳು ಹಾವಿನಂತೆ ಡೊಂಕು ಡೊಂಕಾಗಿ ಹರಿಯುತ್ತವೆ. ಡೊಂಕಿನ ಹೊರ ಮಗ್ಗಲಿಗೆ ನೀರಿನ ಹೊಡೆತ ಹೆಚ್ಚು, ಅಲ್ಲಿ ದಂಡೆ ಕೊರೆಯುತ್ತದೆ. ಒಳ ಮಗ್ಗಲಲ್ಲಿ ನೀರು ನಿಧಾನ, ಅಲ್ಲಿ ಉಸುಕು ಕೂರುತ್ತದೆ. ಹೀಗೆ ಡೊಂಕು ಬೆಳೆದು ಬೆಳೆದು, ಅದರ ಎರಡು ತುದಿ ಹತ್ತಿರ ಹತ್ತಿರ ಬಂದು, ಒಂದು ದೊಡ್ಡ ಪ್ರವಾಹದಲ್ಲಿ ನಡುವಿನ ಮಣ್ಣು ಕಿತ್ತುಹೋಗಿ ನದಿ ನೆಟ್ಟಗೆ ಹರಿದುಬಿಡುತ್ತದೆ. ಹಿಂದೆ ಉಳಿದ ಡೊಂಕು, ಎತ್ತಿನ ಲಾಳದ ಆಕಾರದ ಕೆರೆಯಾಗುತ್ತದೆ. ಬಿಹಾರದ ಬೇಗುಸರಾಯ್ ಜಿಲ್ಲೆಯ ಕಾಬರ್ ತಾಲ್ ಹೀಗೆ ಬೂಢಿ ಗಂಡಕ್ ನದಿ ಬಿಟ್ಟುಹೋದ ಕೆರೆ. 2020ರಲ್ಲಿ ಅದಕ್ಕೆ ರಾಮ್‌ಸರ್ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಆದರೆ ನದಿ ಕೈಬಿಟ್ಟ ಕೆರೆಗೆ ಆಯುಷ್ಯ ಗಟ್ಟಿಯಲ್ಲ. ಪ್ರವಾಹ ಬಂದಾಗಷ್ಟೇ ಅದಕ್ಕೆ ಹೊಸ ನೀರು, ಅದರ ಜೊತೆಗೇ ಹೂಳು. ಮೊದಲು ಆಪು ಬೆಳೆಯುತ್ತದೆ, ಆಮೇಲೆ ಹುಲ್ಲು, ಆಮೇಲೆ ಗದ್ದೆ, ಆಮೇಲೆ ಖಾತೆ ಪಹಣಿಯ ತಂಟೆ!

ನದಿ ಪೂರಾ ಮುಖ ತಿರುಗಿಸಿದರೆ ಇನ್ನೂ ಘೋರ. ಮಧ್ಯ ಏಷ್ಯಾದ ಆಮು ದರಿಯಾ ನದಿ ಹಿಂದಿನ ಶತಮಾನಗಳಲ್ಲಿ ಒಮ್ಮೆ ಅರಲ್ ಸಮುದ್ರದ ಕಡೆ, ಒಮ್ಮೆ ಸರಿಕಾಮಿಶ್ ತಗ್ಗಿನ ಕಡೆ ಹೊರಳಿದ್ದುಂಟು. ಒಂದು ತುಂಬಿದಾಗ ಇನ್ನೊಂದು ಒಣಗುತ್ತಿತ್ತು. 1960ರ ದಶಕದಲ್ಲಿ ಸೋವಿಯತ್ ಸರಕಾರ ಹತ್ತಿ ಬೆಳೆಯಲು ಅದೇ ನದಿಯನ್ನು ಕಾಲುವೆಗಳಿಗೆ ತಿರುವಿತು. ಜಗತ್ತಿನ ನಾಲ್ಕನೇ ದೊಡ್ಡ ಸರೋವರವೆನಿಸಿದ್ದ ಅರಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಮೀನುಗಾರರ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತವು. ಹತ್ತಿ ಬಂತು, ಮೀನು ಹೋಯಿತು.

ಬಂಡೆಯ ಬಿಗಿ ಹಿಡಿತ

ತುಂಗಭದ್ರೆ ಈ ಪರಿ ಹೊರಳದಿರಲು ಕಾರಣ ಬಂಡೆ. ಕೂಡಲಿಯಲ್ಲಿ ತುಂಗೆ ಭದ್ರೆ ಕೂಡಿ, ಒಟ್ಟು 531 ಕಿ.ಮೀ. ಹರಿದು ಕೃಷ್ಣೆಯನ್ನು ಸೇರುವ ಈ ಹೊಳೆ ಆನೆಗೊಂದಿ–ಹಂಪಿ ನಡುವೆ ನುಗ್ಗುವುದು ಇನ್ನೂರೈವತ್ತು ಕೋಟಿ ವರ್ಷದ ಆಸುಪಾಸಿನ ಗ್ರಾನೈಟ್ ಕಲ್ಲಿನ ಸಂದಿಯಲ್ಲಿ. ಕೊಪ್ಪಳದ ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಕಾಲದ ಅಕ್ಷರ ಇವತ್ತಿಗೂ ಉಳಿದಿವೆಯೆಂದರೆ ಈ ಸೀಮೆಯ ಕಲ್ಲು ಎಂಥದೆಂದು ಬೇರೆ ಹೇಳಬೇಕಿಲ್ಲ. ಇಂಥ ಕಲ್ಲನ್ನು ಕೊರೆದು ಮಗ್ಗಲಾಗಲು ಹೊಳೆಗೆ ಯುಗಗಳೇ ಬೇಕು.

ಆದ್ದರಿಂದ ಇಲ್ಲಿ ಹೊಳೆ ಸೀಳುತ್ತದೆಯೇ ಹೊರತು ಹೊರಳುವುದಿಲ್ಲ. ಬಂಡೆಗೆ ಹೊಡೆದು ಎರಡಾಗಿ, ಮುಂದೆ ಮತ್ತೆ ಒಂದಾಗುತ್ತದೆ. ನಡುವೆ ಉಳಿದದ್ದೇ ಗಡ್ಡೆ. ಆನೆಗೊಂದಿಯ ನವವೃಂದಾವನ ಇಂಥದೊಂದು ಗಡ್ಡೆ, ವಿರೂಪಾಪುರ ಗಡ್ಡೆ ಇನ್ನೊಂದು. ಬೇಸಿಗೆಯಲ್ಲಿ ಕಾಲು ತೋಯದಂತೆ ದಾಟಬಹುದಾದ ಸೀಳು, ಮಳೆಗಾಲದಲ್ಲಿ ಏನಾಗುತ್ತದೆಂಬುದನ್ನು 2019ರ ಆಗಸ್ಟ್‌ನಲ್ಲಿ ಜನ ಕಣ್ಣಾರೆ ಕಂಡರು. ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ದೇಶವಿದೇಶದ ಪ್ರವಾಸಿಗರನ್ನು ಹೆಲಿಕಾಪ್ಟರ್ ತರಿಸಿ ಎತ್ತಬೇಕಾಯಿತು. ಮರುವರ್ಷ, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, ಅಲ್ಲಿನ ರೆಸಾರ್ಟುಗಳು ನೆಲಸಮವಾದವು. ಅದು ಹಂಪಿ ಪರಂಪರೆ ಪ್ರದೇಶದ ಕಾಯ್ದೆಯ ವಿಷಯ. ಹೊಳೆಯ ಕಾಯ್ದೆ ಅದಕ್ಕೆ ಮುಂಚೆಯೇ ನೋಟೀಸು ಕೊಟ್ಟಾಗಿತ್ತು ಎನ್ನಬೇಕು.

ಹತ್ತಿರದಲ್ಲೇ ಪಂಪಾ ಸರೋವರ. ಶಬರಿಯ ಕಥೆಯಿಂದಾಗಿ ದೇಶಕ್ಕೆಲ್ಲ ಗೊತ್ತಿರುವ ಕೆರೆ. ತುಂಗಭದ್ರೆಗೂ ಪಂಪೆ ಎಂಬುದೇ ಹಳೆಯ ಹೆಸರು, ಹಂಪಿ ಆ ಪಂಪೆಯಿಂದಲೇ ಬಂದ ಹೆಸರು. ಹೊಳೆಗೂ ಕೆರೆಗೂ ಒಂದೇ ಹೆಸರಿಟ್ಟ ಹಿರಿಯರಿಗೆ ಅವೆರಡರ ನಂಟು ಗೊತ್ತಿದ್ದೀತು.

ಹೊಳೆಯನ್ನು ಸರಿಸಿದವರು ನಾವು

ಹೊಳೆ ತಾನಾಗಿ ಹೊರಳಲಿಲ್ಲ ನಿಜ, ಆದರೆ ಅದನ್ನು ಹೊರಳಿಸಿದ ಕೈಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಮೊದಲನೆಯವರು ವಿಜಯನಗರದ ಅರಸರು. ಹೊಳೆಗೆ ಅಡ್ಡಡ್ಡ ಕಲ್ಲಿನ ಅಣೆ ಹಾಕಿ, ನೀರನ್ನು ಕಾಲುವೆಗೆ ತಿರುವಿ ಗದ್ದೆಗೂ ಕೆರೆಗೂ ಹಾಯಿಸಿದರು. ಕಮಲಾಪುರದ ಕೆರೆ ಹೀಗೆ ಹೊಳೆಯ ನೀರು ಕುಡಿದು ಬೆಳೆದ ಕೆರೆ. 1521ರ ಹೊತ್ತಿಗೆ ಕೃಷ್ಣದೇವರಾಯನ ಆಳ್ವಿಕೆಯಲ್ಲಿ ವಲ್ಲಭಾಪುರದ ಅಣೆ, ಬಸವಣ್ಣ ಕಾಲುವೆ ಆದವು. ಅರಸರ ಕೈಯೂ ಎಲ್ಲಾ ಕಡೆ ಮೇಲಾಗಲಿಲ್ಲ. ಹೊಸಪೇಟೆ ಕಡೆ ರಾಯ ಕಟ್ಟಿಸಿದ ದೊಡ್ಡ ಕೆರೆಯ ಕೆಲಸವನ್ನು, ಅದು ಕಟ್ಟುವಾಗಲೇ ಒಡೆದದ್ದನ್ನು, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಬಿಲ್ಲು ಪಾಸಾದ ಮೇಲೆ ಒಡೆಯುವ ಇಂದಿನ ಒಡ್ಡುಗಳಿಗೆ ಹೋಲಿಸಿದರೆ, ಕಟ್ಟುವಾಗಲೇ ಒಡೆದದ್ದು ಪ್ರಾಮಾಣಿಕ ಕೆಲಸವೇ ಸರಿ!

ಎರಡನೆಯ ಕೈ, ಎಲ್ಲಕ್ಕಿಂತ ದೊಡ್ಡದು, ತುಂಗಭದ್ರಾ ಡ್ಯಾಮು. 1945ರ ಫೆಬ್ರವರಿ 28ರಂದು ಅತ್ತ ಮದ್ರಾಸ್ ಸರಕಾರ, ಇತ್ತ ಹೈದರಾಬಾದ್ ನಿಜಾಮ ಸರಕಾರ ಎರಡೂ ದಂಡೆಯಲ್ಲಿ ಅಡಿಗಲ್ಲು ಹಾಕಿದವು. ಕೊಪ್ಪಳ ಆಗ ನಿಜಾಮನ ರಾಯಚೂರು ಜಿಲ್ಲೆಗೆ ಸೇರಿತ್ತು. (ನಮ್ಮದು ಸ್ವಂತ ಜಿಲ್ಲೆಯಾದದ್ದು 1997ರಲ್ಲಿ.) 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು. 33 ಗೇಟುಗಳ ಈ ಕಟ್ಟೆಯ ಹಿಂದೆ ನೀರು ತುಂಬಿದಾಗ 378 ಚದರ ಕಿ.ಮೀ. ನೆಲ ಕೆರೆಯಾಯಿತು. ಎರಡೂ ದಂಡೆಯ ಸುಮಾರು 90 ಹಳ್ಳಿ ಮುಳುಗಿದವು. ಐವತ್ತು ಸಾವಿರಕ್ಕೂ ಮೀರಿ ಜನ ದೇವರು, ದನ, ಕೂಸು ಕುನ್ನಿ ಕಟ್ಟಿಕೊಂಡು ಎದ್ದರು. ರಾಯನ ವಲ್ಲಭಾಪುರದ ಅಣೆಯೂ ಅದೇ ನೀರಿನ ಅಡಿಗೆ ಹೋಯಿತು.

ಹೊಳೆ ಹೊರಳದೆಯೇ ಹುಟ್ಟಿದ ಈ ಕೆರೆಯನ್ನು ಹೊಳೆಯೇ ನಿಧಾನಕ್ಕೆ ತಿನ್ನುತ್ತಿದೆ. ಇದೇ ಇಂದಿನ ಮುಖ್ಯ ಸಂಗತಿ.

ಹೂಳಿನ ಲೆಕ್ಕ, ಅಂಗಡಿ ಲೆಕ್ಕ

ಓಡುವ ನೀರು ಹೊರೆ ಹೊರುತ್ತದೆ, ನಿಂತ ನೀರು ಇಳಿಸುತ್ತದೆ. ಹೊಳೆ ಬಂದು ಹಿನ್ನೀರಿಗೆ ಮುಟ್ಟಿದ ತಕ್ಷಣ ಅದರ ಓಟ ನಿಲ್ಲುತ್ತದೆ. ದಪ್ಪ ಉಸುಕು ಬಾಯಿಯಲ್ಲೇ ಬೀಳುತ್ತದೆ, ಸಣ್ಣ ರೇವೆ ಇನ್ನೂ ಮುಂದೆ ಹೋಗಿ ಕೂರುತ್ತದೆ. ವರ್ಷ ವರ್ಷ ಈ ದಿಬ್ಬ ಕಟ್ಟೆಯ ಕಡೆ ಸರಿಯುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹೊಳೆ ತಾನೇ ಹಾಸಿದ ಈ ಮೆತ್ತನೆಯ ಹೂಳಿನ ಮೇಲೆ ಹೊಸ ಹಾದಿ ಕೊರೆದುಕೊಳ್ಳುತ್ತದೆ. ಹೋದ ವರ್ಷ ಇಲ್ಲಿ ಹರಿದದ್ದು ಈ ವರ್ಷ ಅಲ್ಲಿ. ಗಟ್ಟಿ ಬಂಡೆಯಲ್ಲಿ ಹೊರಳಲಾಗದ ತುಂಗಭದ್ರೆ, ಕೋಸಿಯ ಚಾಳಿಯನ್ನು ಡ್ಯಾಮಿನ ಹೊಟ್ಟೆಯೊಳಗೆ ತೀರಿಸಿಕೊಳ್ಳುತ್ತಿದೆ.

ಕಟ್ಟಿದಾಗ ಡ್ಯಾಮಿನಲ್ಲಿ ಹಿಡಿಯುತ್ತಿದ್ದದ್ದು 133 ಟಿ.ಎಂ.ಸಿ. ಇತ್ತೀಚಿನ ಸಮೀಕ್ಷೆಯ ಪ್ರಕಾರ 105.788 ಟಿ.ಎಂ.ಸಿ. ಹೋದದ್ದು 27 ಟಿ.ಎಂ.ಸಿ. ಪತ್ರಿಕೆಗಳಲ್ಲಿ ನಿತ್ಯ ಈ ಟಿ.ಎಂ.ಸಿ. ಓದಿ ಬಿಟ್ಟುಬಿಡುವವರಿಗಾಗಿ ಲೆಕ್ಕ ಹೀಗಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಒಂದು ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. 4,000 ಕ್ಯೂಸೆಕ್ ಹರಿಯುವ ಕಾಲುವೆಯೊಂದನ್ನು 27 ಟಿ.ಎಂ.ಸಿ. ನೀರಿನಿಂದ ಹಗಲು ರಾತ್ರಿ 78 ದಿನ ನಡೆಸಬಹುದು. ಅಷ್ಟು ನೀರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಶಿವಮೊಗ್ಗ, ದಾವಣಗೆರೆ, ಹಾವೇರಿ ಸೀಮೆಯ ಹೊಲಗಳ ಮೇಲ್ಮಣ್ಣು ಮಲಗಿದೆ. ಅಲ್ಲಿನ ರೈತನಿಗೆ ಮಣ್ಣು ಹೋಯಿತು, ಇಲ್ಲಿನ ರೈತನಿಗೆ ನೀರು ಹೋಯಿತು. ಲಾಭ ಯಾರಿಗೂ ಇಲ್ಲದ ವ್ಯಾಪಾರ!

ಅಂಗಡಿಕಾರರು ಇದನ್ನು ಬೇಗ ಹಿಡಿಯುತ್ತಾರೆ. ಗೋಡೌನು ಅದೇ, ಬಾಡಿಗೆ ಅದೇ, ಆದರೆ ಐದರಲ್ಲಿ ಒಂದು ಪಾಲು ಜಾಗದಲ್ಲಿ ಎತ್ತಲಾಗದ ಕಸ ತುಂಬಿದೆ. ಬರುವ ಮಾಲು ಕಡಿಮೆಯಾಗಿಲ್ಲ, ಇಡಲು ಜಾಗ ಇಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಹೆಚ್ಚಿನ ನೀರು ಗೇಟು ದಾಟಿ ಹೋಗುತ್ತದೆ, ಕಂಪ್ಲಿ ಸೇತುವೆ ಮುಳುಗಿಸುತ್ತದೆ. ಮಾರ್ಚ್ ಹೊತ್ತಿಗೆ ಎಡದಂಡೆ ನಾಲೆಯ ಕೊನೆಯ ರೈತ ನೀರಿಗೆ ಬಾಯಿ ಬಿಡುತ್ತಾನೆ. ಹೂಳೆತ್ತಿಸಬಾರದೇಕೆ ಎಂದು ಬಸ್ಸಿನಲ್ಲಿ ಕೂತು ಕೇಳುವುದು ಸುಲಭ. 27 ಟಿ.ಎಂ.ಸಿ. ಮಣ್ಣು ಎತ್ತಿ ಹಾಕುವುದಾದರೂ ಎಲ್ಲಿ? ಅದಕ್ಕೇ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಿ, ವ್ಯರ್ಥ ಹೋಗುವ ನೀರು ಹಿಡಿಯಬೇಕೆಂಬ ಪ್ರಸ್ತಾಪ ಎದ್ದದ್ದು. ತುಂಗಭದ್ರೆಯ ಮೇಲೆ ಕರ್ನಾಟಕದ ಜೊತೆ ಆಂಧ್ರ, ತೆಲಂಗಾಣಗಳ ಹಕ್ಕೂ ಇರುವುದರಿಂದ ಮೂರು ರಾಜ್ಯ ಒಪ್ಪದೆ ಅಲ್ಲಿ ಒಂದು ಬುಟ್ಟಿ ಮಣ್ಣೂ ಅಲುಗದು. ಚುನಾವಣೆ ಬಂದಾಗ ಮಾತ್ರ ನವಲಿಯಲ್ಲಿ ನೀರು ನಿಲ್ಲುತ್ತದೆ, ಭಾಷಣದಲ್ಲಿ.

ಕಟ್ಟೆಯ ಕೆಳಗಿನ ಪಾಡು ಇದಕ್ಕೆ ತಲೆಕೆಳಗು. ಉಸುಕನ್ನೆಲ್ಲ ಮೇಲೆ ಬಿಟ್ಟು ಬರಿಗೈಲಿ ಇಳಿದ ನೀರು ಕೆಳಗಿನ ಪಾತ್ರವನ್ನೇ ಕೊರೆಯುತ್ತದೆ. ಅದರ ಮೇಲೆ ರಾತ್ರಿ ಟ್ರ್ಯಾಕ್ಟರುಗಳ ಕೊರೆತ ಬೇರೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸರಕಾರ ಸಾರಿತು. ನೀರುನಾಯಿಗಳಿಗೆ ಮರಿ ಹಾಕಲು ಉಸುಕಿನ ದಿಣ್ಣೆ, ಬಂಡೆಯ ಪೊಟರೆ ಬೇಕು. ಉಸುಕು ಊರೊಳಗಿನ ಸ್ಲ್ಯಾಬು ಸೇರಿದರೆ ಅವೆಲ್ಲಿಗೆ ಹೋಗಬೇಕು?

ಕಾಲುವೆ ಬಂತು, ಕೆರೆ ಸೊರಗಿತು

ಎಡದಂಡೆ ನಾಲೆ ಬಂದ ಮೇಲೆ ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳ ಸಾಲು ಎದ್ದಿತು. ಸಾಣಾಪುರದಲ್ಲಿ ನಾಲೆಯ ನೀರು ನಿಲ್ಲಿಸಲು ಮಾಡಿದ ಸಮತೋಲನ ಜಲಾಶಯವೇ ಈಗ ಪ್ರವಾಸಿಗರು ಹರಿಗೋಲು ಹತ್ತಿ ಫೋಟೊ ಹೊಡೆಸಿಕೊಳ್ಳುವ ‘ಸಾಣಾಪುರ ಕೆರೆ’. ನಲ್ಲಿ ತಿರುವಿದಂತೆ ನಾಲೆಯಲ್ಲಿ ನೀರು ಬರುವಾಗ ಹಳೆಯ ಊರ ಕೆರೆಯ ಏರಿ, ತೂಬು, ಕೋಡಿ ನೋಡಿಕೊಳ್ಳುವವರು ಯಾರು? ನೀರುಗಂಟಿಯ ಕೆಲಸ ಹೋಯಿತು, ಕೆರೆಗೆ ನೀರು ತರುವ ಹಳ್ಳದ ಬಾಯಿಗೆ ಮನೆ, ಹೊಲ ಬಂದವು.

ಕುಷ್ಟಗಿ, ಯಲಬುರ್ಗಾ ಕಡೆ ನಾಲೆಯ ಭಾಗ್ಯವಿಲ್ಲ. ಅಲ್ಲಿ ಮಸಾರಿ ಮತ್ತು ಎರಿ ಭೂಮಿ, ವರ್ಷದ ಮಳೆ ಆರುನೂರು ಮಿ.ಮೀ. ಆಸುಪಾಸು. ಅಲ್ಲಿ ಹೊಳೆ ಎಂದರೆ ಹಳ್ಳ. ಮತ್ತು ಹಳ್ಳಗಳು ತುಂಗಭದ್ರೆಯಂತೆ ಶಿಸ್ತಿನವಲ್ಲ, ಎರಿ ಮಣ್ಣಿನಲ್ಲಿ ಬೇಕಾದ ಹಾಗೆ ಹೊರಳುತ್ತವೆ. ಒಬ್ಬ ರೈತ ಈ ದಂಡೆಗೆ ಒಡ್ಡು ಹಾಕಿದರೆ ಹಳ್ಳ ಆ ದಂಡೆಯ ರೈತನ ಹೊಲ ತಿನ್ನುತ್ತದೆ. ಬಳ್ಳಾರಿ ಜಾಲಿ ಬೆಳೆದರೆ ಸುತ್ತಿ ಹೋಗುತ್ತದೆ. ಉಸುಕು ತೋಡಿದ ಗುಂಡಿಗೆ ಬಿದ್ದರೆ ಅಲ್ಲೇ ನಿಂತುಬಿಡುತ್ತದೆ. ಒಂದು ಮಾರು ಹಳ್ಳ ಹೊರಳಿತೆಂದರೆ ಕೆಳಗಿನ ಕೆರೆಗೆ ಹನಿ ನೀರಿಲ್ಲ. ಪಂಚಾಯತಿ ಕಟ್ಟೆಯ ಜಗಳಗಳಲ್ಲಿ ಎಷ್ಟೋ ಈ ಒಂದು ಮಾರಿನ ಜಗಳವೇ.

ಯಲಬುರ್ಗಾ, ಕೊಪ್ಪಳ ಸೀಮೆಯ ನೀರು ಹೊತ್ತು ತುಂಗಭದ್ರೆಗೆ ಸೇರುವ ಹಿರೇಹಳ್ಳದ ಕಥೆ ಗೊತ್ತಿದ್ದದ್ದೇ. ಬಣ್ಣದ ಗೊಂಬೆಗಳ ಊರು ಕಿನ್ನಾಳದ ಬಳಿ ಅದಕ್ಕೊಂದು ಡ್ಯಾಮೂ ಇದೆ. ಹೆಸರಿಗೆ ಹಿರೇ ಹಳ್ಳ, ಆದರೆ ಜಾಲಿ, ಆಪು, ಹೂಳು, ಊರ ಗಟಾರದ ನೀರು ತುಂಬಿ ಹಳ್ಳ ಎಲ್ಲಿ, ದಂಡೆ ಎಲ್ಲಿ ಎಂಬುದೇ ತಿಳಿಯದಾಗಿತ್ತು. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕೆ ಇಳಿದರು. ಸ್ವಾಮಿಗಳು ಇಳಿದ ಮೇಲೆ ಭಕ್ತರು ದಂಡೆಯಲ್ಲಿ ನಿಲ್ಲುವುದುಂಟೇ? ಜೆ.ಸಿ.ಬಿ. ಬಂದವು, ಟ್ರ್ಯಾಕ್ಟರ್ ಬಂದವು, ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ಹಳ್ಳ ಸ್ವಚ್ಛವಾಯಿತು. ಟೆಂಡರು ಕರೆಯದೆ, ಫೈಲು ಓಡದೆ ಇಷ್ಟು ಕೆಲಸ ಆದದ್ದು ಕೊಪ್ಪಳದ ಮಂದಿಗೇ ಅಚ್ಚರಿ. ಮಳೆ ಬಂದಾಗ ನೀರು ತನ್ನ ಹಳೆಯ ಹಾದಿ ಗುರುತು ಹಿಡಿದು ಹರಿಯಿತು.

ಅದೇ ಕಾಲಕ್ಕೆ ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆಯ ಹೂಳನ್ನೂ ಜನರೇ ವಂತಿಗೆ ಹಾಕಿ ಎತ್ತಿದರು. ಎತ್ತಿದ ಮಣ್ಣು ರೈತರ ಹೊಲಕ್ಕೆ ಹೋಯಿತು. ಹೂಳು ಕೆರೆಗೆ ಶಾಪ, ಹೊಲಕ್ಕೆ ಗೊಬ್ಬರ ಎಂಬ ಹಳೆಯ ಲೆಕ್ಕ ಅಲ್ಲಿ ಮತ್ತೆ ನಡೆಯಿತು.

ಕುಷ್ಟಗಿ, ಯಲಬುರ್ಗಾ ಕೆರೆಗಳಿಗೆ ಈಗ ಇನ್ನೊಂದು ಆಸೆ ಹುಟ್ಟಿದೆ. ಕೃಷ್ಣಾ ನದಿಯ ನೀರನ್ನು ಪಂಪಿನಿಂದ ಮೇಲೆತ್ತಿ, ಪೈಪಿನಲ್ಲಿ ತಂದು ಕೆರೆ ತುಂಬಿಸುವ ಏತ ನೀರಾವರಿ. ಕೃಷ್ಣೆ ತಾನಾಗಿ ಈ ಕಡೆ ಹೊರಳಲು ಸಾಧ್ಯವೇ ಇಲ್ಲ, ನಡುವೆ ಏರು ನೆಲ. ಆಕೆ ಹರಿದು ಬರುವುದಿಲ್ಲ, ಏರಿ ಬರುತ್ತಾಳೆ. ಕರೆಂಟು ಇದ್ದಷ್ಟು ಹೊತ್ತು ನದಿ, ಕರೆಂಟು ಹೋದರೆ ಖಾಲಿ ಪೈಪು. ಆದರೂ ಹೊಳೆಯಾಚೆ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರದ ಉದಾಹರಣೆ ಕಣ್ಣೆದುರಿಗಿದೆ. ತುಂಗಭದ್ರೆಯ ನೀರು ಏರಿಸಿ ತುಂಬಿಸಿದ ಆ ಕೆರೆಗೆ ಜಾಲಿ ಮರ ತುಂಬ ಹಕ್ಕಿಗಳು ಬಂದು ಕೂತು, 2024ರ ಜನವರಿಯಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು.

ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10ರ ರಾತ್ರಿಯನ್ನು ಈ ಭಾಗದವರು ಬೇಗ ಮರೆಯಲಿಕ್ಕಿಲ್ಲ. ತುಂಬಿ ನಿಂತ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹೂಳಿನ ನಡುವೆ ಕಷ್ಟಪಟ್ಟು ಹಿಡಿದಿಟ್ಟಿದ್ದ ಹತ್ತಾರು ಟಿ.ಎಂ.ಸಿ. ನೀರು ಒಂದೇ ವಾರದಲ್ಲಿ ಹೊಳೆ ಪಾಲು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಮೇಲಿನಿಂದ ನೀರು ನುಗ್ಗುತ್ತಿರುವಾಗಲೇ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಿದ್ದು ಆಗಸ್ಟ್ 17ರ ಹೊತ್ತಿಗೆ. ಕೆಲಸ ಮಾಡಿದ ಕಾರ್ಮಿಕರ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆ ವರ್ಷ ಮಳೆ ಕೈಬಿಡಲಿಲ್ಲ, ನೀರು ಮತ್ತೆ ಏರಿತು.

ಮರುವರ್ಷ ಲೆಕ್ಕ ಬೇರೆಯಾಯಿತು. ಎಪ್ಪತ್ತು ವರ್ಷ ಹಳೆಯ ಗೇಟುಗಳನ್ನು ನಂಬಲಾಗದೆ 2025ರಲ್ಲಿ ಡ್ಯಾಮಿನಲ್ಲಿ 80 ಟಿ.ಎಂ.ಸಿ.ಗಿಂತ ಹೆಚ್ಚು ನಿಲ್ಲಿಸಲಿಲ್ಲ. 33 ಗೇಟುಗಳನ್ನೂ ಬದಲಿಸಲು ಜಲಾಶಯ ತಗ್ಗಿಸಬೇಕೆಂದು 2025–26ರಲ್ಲಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. 133 ಟಿ.ಎಂ.ಸಿ. ಎಂದು ಕಟ್ಟಿದ ಕೆರೆ, ಹೂಳಿನಿಂದ 105ಕ್ಕೆ, ಗೇಟಿನಿಂದ 80ಕ್ಕೆ ಇಳಿದಂತಾಯಿತು.

ಎರಡನೇ ಬೆಳೆ ಇಲ್ಲವೆಂದರೆ ಏನೆಂಬುದನ್ನು ಗಂಗಾವತಿ, ಕಾರಟಗಿ ಬಜಾರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಾಟಿಗೆ ಬರುವ ಹೆಣ್ಣಾಳುಗಳ ಕೂಲಿ ಇಲ್ಲ, ಗಿರಣಿಗೆ ಭತ್ತ ಇಲ್ಲ, ಲಾರಿಗೆ ಬಾಡಿಗೆ ಇಲ್ಲ. ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿಯವರು ಮೊದಲ ಬೆಳೆಗೆ ಕೊಟ್ಟ ಉದ್ರಿಯನ್ನು ಎರಡನೇ ಬೆಳೆಗೆ ವಸೂಲು ಮಾಡುವುದು ಇಲ್ಲಿನ ರಿವಾಜು. ಆ ಹಂಗಾಮಿನ ಉದ್ರಿ ಪುಸ್ತಕದ ಹಾಳೆ ಮುಂದಿನ ಮುಂಗಾರಿಗೆ ತಿರುವಿ ಹಾಕಬೇಕಾಯಿತು.